ಉತ್ತರ ಕೊಡುವವರ ಊರಿಂದ ಒಂದು ಪ್ರಶ್ನೆ

(ಮಾತಾಡುತ್ತಿರುವವರು ಇಬ್ಬರು. ದೊಡ್ಡಪ್ಪ ವಿಧಾನಸಭೆಯ ಸಚಿವಾಲಯದಲ್ಲಿ ವರದಿಗಾರರಾಗಿ, ಸದನದ ಮಾತನ್ನು ಶೀಘ್ರಲಿಪಿಯಲ್ಲಿ ಬರೆದುಕೊಳ್ಳುವ ಕೆಲಸ ಮಾಡಿ, ನಿವೃತ್ತರಾಗಿ ಕನಕಪುರದಲ್ಲಿದ್ದಾರೆ. ಅವರ ತಮ್ಮನ ಮಗಳು ರಾಮನಗರದ ನ್ಯಾಯಾಲಯದಲ್ಲಿ ವಕೀಲೆ.)

ವಕೀಲೆ: ದೊಡ್ಡಪ್ಪ, ಇದನ್ನೊಂದು ಸಲ ನೋಡಿ. ನಮ್ಮ ಪದವೀಧರ ಕ್ಷೇತ್ರದ ಪರಿಷತ್ ಸದಸ್ಯರಿಗೆ ಕೊಡೋಣ ಅಂತ ಬರೆದಿದ್ದೀನಿ. ಮುಂದಿನ ಅಧಿವೇಶನದಲ್ಲಿ ಅವರು ಕಾನೂನು ಸಚಿವರನ್ನ ಕೇಳಬೇಕು.

ದೊಡ್ಡಪ್ಪ: ನೀನೇ ಓದವ್ವ, ಕೇಳ್ತೀನಿ.

ವಕೀಲೆ: "ರಾಮನಗರ ಜಿಲ್ಲೆಯಲ್ಲಿ ಬಡವರಿಗೆ ನ್ಯಾಯ ಮರೀಚಿಕೆಯಾಗಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಬಂದಿದ್ದಲ್ಲಿ, ಸರ್ಕಾರ ಕೈಗೊಂಡ ಕ್ರಮಗಳೇನು?"

ದೊಡ್ಡಪ್ಪ: ಇದರ ಉತ್ತರ ನಾನೇ ಈಗ ಹೇಳಿಬಿಡ್ತೀನಿ. ಮೊದಲನೇದಕ್ಕೆ "ಇಲ್ಲ". ಎರಡನೇದಕ್ಕೆ "ಉದ್ಭವಿಸುವುದಿಲ್ಲ". ಮುಗೀತು. ನಿನ್ನ ಸಂಕಟ ನಿಜ, ಆದರೆ ಈ ಪ್ರಶ್ನೆಯಲ್ಲಿ ಸಚಿವರನ್ನ ಹಿಡಿದು ನಿಲ್ಲಿಸೋ ಗೂಟ ಒಂದೂ ಇಲ್ಲ.

ವಕೀಲೆ: ಸದನದಲ್ಲಿ ಕೇಳೋದೇ ಹೀಗಲ್ವಾ? ಟೀವಿಯಲ್ಲಿ ನೋಡ್ತೀವಲ್ಲ.

ದೊಡ್ಡಪ್ಪ: ಟೀವಿಯಲ್ಲಿ ಕಾಣೋದು ಗದ್ದಲ. ಪ್ರಶ್ನೋತ್ತರ ಅಂದ್ರೆ ಒಂದು ಹಾಳೆ. ಆ ಹಾಳೆ ಹೇಗಿರುತ್ತೆ ಹೇಳ್ತೀನಿ ಕೇಳು. ಮೇಲೆ ಸದನದ ಹೆಸರು. ಅದರ ಕೆಳಗೆ ಚುಕ್ಕೆ ಗುರುತಿನ ಪ್ರಶ್ನೆಯೋ ಗುರುತಿಲ್ಲದ್ದೋ, ಅದರ ಸಂಖ್ಯೆ, ಸದಸ್ಯರ ಹೆಸರು, ಉತ್ತರಿಸುವ ದಿನಾಂಕ, ಉತ್ತರಿಸುವ ಸಚಿವರು. ಆಮೇಲೆ ಕಾಲಂಗಳು: ಕ್ರಮಸಂಖ್ಯೆ, ಪ್ರಶ್ನೆ, ಉತ್ತರ. ಪ್ರಶ್ನೆಯನ್ನ ಅ, ಆ, ಇ, ಈ ಅಂತ ಬಿಡಿಸಿರ್ತಾರೆ. ಎಡಗಡೆ ಏಳೆಂಟು ಸಾಲು ಪ್ರಶ್ನೆ, ಬಲಗಡೆ ಒಂದೇ ಪದ, "ಬಂದಿದೆ". ಅದರ ಕೆಳಗೆ "ಅನುದಾನದ ಲಭ್ಯತೆಯನ್ನು ಪರಿಗಣಿಸಿ ಕ್ರಮ ಕೈಗೊಳ್ಳಲಾಗುವುದು". ಅಂಕಿಅಂಶ ಕೇಳಿದ್ರೆ "ಅನುಬಂಧದಲ್ಲಿ ಒದಗಿಸಿದೆ", ಇಲ್ಲಾಂದ್ರೆ "ಮಾಹಿತಿಯನ್ನು ಸಂಗ್ರಹಿಸಲಾಗುತ್ತಿದೆ". ಕೊನೇಲಿ ಕಡತದ ಸಂಖ್ಯೆ, ಸಚಿವರ ಸಹಿ. ಆ ಸಹಿ ಇದೆ ನೋಡು, ಅದಕ್ಕೇ ಇಷ್ಟೆಲ್ಲ. ಆ ಸಹಿಯ ಮೇಲೆ ಇಲಾಖೆ ಒಂದು ಮಾತಿಗೆ ಕಟ್ಟುಬೀಳುತ್ತೆ. ನಾಳೆ ಸುಳ್ಳು ಅಂತ ಗೊತ್ತಾದ್ರೆ ಸದನವನ್ನ ತಪ್ಪುದಾರಿಗೆ ಎಳೆದರು ಅಂತ ಹಕ್ಕುಚ್ಯುತಿ ಸೂಚನೆ ಕೊಡಬಹುದು.

ವಕೀಲೆ: ನಮ್ಮ ಕೋರ್ಟಿನಲ್ಲಿ ಮುಖ್ಯ ವಿಚಾರಣೆ, ಆಮೇಲೆ ಪಾಟೀಸವಾಲು. ಸತ್ಯ ಹೊರಗೆ ಬರೋದು ಬಹುಮಟ್ಟಿಗೆ ಪಾಟೀಸವಾಲಿನಲ್ಲೇ. ಸದನದಲ್ಲಿ ಅಂಥಾದ್ದು ಇದೆಯಾ?

ದೊಡ್ಡಪ್ಪ: ಇದೆ, ಉಪಪ್ರಶ್ನೆ. ಚುಕ್ಕೆ ಗುರುತಿನ ಪ್ರಶ್ನೆಗೆ ಮಾತ್ರ. ಸಚಿವರು ಎದ್ದು "ಉತ್ತರವನ್ನು ಒದಗಿಸಿದ್ದೇನೆ" ಅಂತಾರೆ. ಆಗ ಸದಸ್ಯರು ಆ ಉತ್ತರವನ್ನ ಓದಿಕೊಂಡು ಬಂದಿದ್ರೆ, ಅದರೊಳಗಿನ ಸಡಿಲ ಎಳೆ ಹಿಡಿದು ಕೇಳಬಹುದು. ಗುರುತಿಲ್ಲದ ಪ್ರಶ್ನೆಗೆ ಬರೇ ಲಿಖಿತ ಉತ್ತರ, ಬಾಯಿಮಾತಿಲ್ಲ. ನಾನು ಸದನದಲ್ಲಿ ಕೂತು ಬರೆದುಕೊಂಡ ಅಷ್ಟೂ ವರ್ಷ ಗಮನಿಸಿದ್ದು ಒಂದೇ. ಉತ್ತರವನ್ನ ಮೊದಲೇ ಓದಿದ ಸದಸ್ಯರು ಎದ್ದು ನಿಂತರೆ, ಅಧಿಕಾರಿಗಳ ಗ್ಯಾಲರಿಯಲ್ಲಿ ಕಾಗದ ತಿರುವೋ ಸದ್ದು ಕೇಳೋದು. ಚೀಟಿ ಓಡಾಡೋದು. ಓದದವರು ಎದ್ದರೆ ಗ್ಯಾಲರಿ ಆರಾಮಾಗಿ ಕೂತಿರೋದು.

ವಕೀಲೆ: ಹಾಗಾದ್ರೆ ನಮ್ಮ ಜಿಲ್ಲೆಯ ಶಾಸಕರೇ ಕೇಳಿದ್ರೆ ಒಳ್ಳೇದಲ್ವಾ? ಅವರಿಗೆ ಇಲ್ಲಿನ ಕಷ್ಟ ಗೊತ್ತು.

ದೊಡ್ಡಪ್ಪ: ಅಲ್ಲೇ ಇರೋದು ವಿಷಯ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಈ ನಾಲ್ಕು ಕ್ಷೇತ್ರದ ಇತಿಹಾಸ ತೆಗೆದು ನೋಡು. ಕೆಂಗಲ್ ಹನುಮಂತಯ್ಯನವರು ರಾಮನಗರದವರು, 1952ರಿಂದ 56ರವರೆಗೆ ಮುಖ್ಯಮಂತ್ರಿ. 1983ರಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾದಾಗ ಅವರು ಶಾಸಕರೇ ಆಗಿರಲಿಲ್ಲ, ಉಪಚುನಾವಣೆಗೆ ನಿಂತು ಗೆದ್ದಿದ್ದು ನಮ್ಮ ಕನಕಪುರದಲ್ಲಿ. 1994ರಲ್ಲಿ ದೇವೇಗೌಡರು ರಾಮನಗರದಿಂದ ಗೆದ್ದು ಮುಖ್ಯಮಂತ್ರಿಯಾದರು, ಅಲ್ಲಿಂದ 1996ರಲ್ಲಿ ಪ್ರಧಾನಿ. ಕುಮಾರಸ್ವಾಮಿ 2006ರಲ್ಲಿ ಮುಖ್ಯಮಂತ್ರಿಯಾದಾಗ ರಾಮನಗರದ ಶಾಸಕರು, 2018ರಲ್ಲಿ ಆದಾಗ ಚನ್ನಪಟ್ಟಣದವರು. 2007ರಲ್ಲಿ ಈ ಜಿಲ್ಲೆ ಹುಟ್ಟಿದ್ದೇ ಅವರ ಕಾಲದಲ್ಲಿ. 2023ರ ಮೇ ತಿಂಗಳಲ್ಲಿ ಕನಕಪುರದ ಡಿ.ಕೆ. ಶಿವಕುಮಾರ್ ಉಪಮುಖ್ಯಮಂತ್ರಿಯಾಗಿ ಪ್ರಮಾಣವಚನ ತಗೊಂಡರು. ಇಷ್ಟು ಚಿಕ್ಕ ಸೀಮೆಯಿಂದ ಇಷ್ಟು ಜನ ಅಧಿಕಾರದ ಕುರ್ಚಿಗೆ ಹೋಗಿದ್ದಾರೆ, ನಮಗೆ ಅದು ಹೆಮ್ಮೆಯೇ. ಆದರೆ ಸಚಿವರಾದವರು ಪ್ರಶ್ನೆ ಕೇಳೋ ಹಾಗಿಲ್ಲ. ಅವರು ಉತ್ತರ ಕೊಡೋ ಕಡೆ ಕೂತಿರ್ತಾರೆ. ನಿಮ್ಮ ಕ್ಷೇತ್ರದವರು ಮುಖ್ಯಮಂತ್ರಿ ಆದ ದಿನ ನಿಮ್ಮ ಕ್ಷೇತ್ರದ ಪ್ರಶ್ನೆ ಕೇಳೋ ಬಾಯಿ ಒಂದು ಕಡಿಮೆ ಆಗುತ್ತೆ.

ವಕೀಲೆ: ಆದರೆ ಕೆಲಸ ಆಗುತ್ತಲ್ಲ ದೊಡ್ಡಪ್ಪ. ಅಧಿಕಾರದಲ್ಲಿ ಇರೋರ ಹತ್ರ ನೇರವಾಗಿ ಹೋಗಿ ಹೇಳಿದ್ರೆ ಒಂದು ಫೋನಿನಲ್ಲಿ ಮುಗಿಯುತ್ತೆ.

ದೊಡ್ಡಪ್ಪ: ಮುಗಿಯುತ್ತೆ, ಹೋದವರದ್ದು. ಮಾಗಡಿಯ ಆಚೆ ಹಳ್ಳಿಯಿಂದ ವಾಯಿದೆಗೆ ಅಂತ ಬೆಳಗಿನ ಬಸ್ಸು ಹಿಡಿದು ಬರೋ ಹೆಂಗಸಿಗೆ ಆ ಫೋನ್ ನಂಬರ್ ಎಲ್ಲಿ ಸಿಗಬೇಕು? ಫೋನಿನಲ್ಲಿ ಆದ ಕೆಲಸಕ್ಕೆ ದಾಖಲೆ ಇರಲ್ಲ. ಒಬ್ಬರಿಗೆ ಯಾಕಾಯ್ತು, ಇನ್ನೊಬ್ಬರಿಗೆ ಯಾಕಾಗಲಿಲ್ಲ ಅಂತ ಕೇಳೋಕೂ ಆಗಲ್ಲ. ಪ್ರಶ್ನೆ ಅನ್ನೋದು ಹುಟ್ಟಿದ್ದೇ ಆ ಹೆಂಗಸಿಗೋಸ್ಕರ ಅಂತ ನಾನು ತಿಳಿದಿದ್ದೀನಿ. ಅದಕ್ಕೇ ಹೇಳೋದು, ಅಧಿಕಾರ ಹತ್ತಿರ ಇರೋ ಊರಿಗೆ ಪ್ರಶ್ನೆ ಕೇಳೋ ಅಭ್ಯಾಸ ಇನ್ನೂ ಜಾಸ್ತಿ ಬೇಕು. ನಮ್ಮ ಕಡೆ ಆಗಿರೋದು ತಿರುಗಾಮುರುಗಾ.

ವಕೀಲೆ: 2024ರ ನವೆಂಬರ್‌ನಲ್ಲಿ ಚನ್ನಪಟ್ಟಣದ ಉಪಚುನಾವಣೆ ಆದಮೇಲೆ ನಾಲ್ಕೂ ಕ್ಷೇತ್ರ ಆಡಳಿತ ಪಕ್ಷದ್ದೇ ಆಗಿಹೋಯ್ತು.

ದೊಡ್ಡಪ್ಪ: ಆಡಳಿತ ಪಕ್ಷದ ಶಾಸಕರೂ ಕೇಳಬಹುದು ಕಣವ್ವ, ಕೇಳ್ತಾರೆ ಕೂಡ. ಸಚಿವರಲ್ಲದ ಪ್ರತಿಯೊಬ್ಬರಿಗೂ ಆ ಹಕ್ಕಿದೆ. ಆದರೆ ತಮ್ಮದೇ ಪಕ್ಷದ ಸಚಿವರನ್ನ ಉಪಪ್ರಶ್ನೆಯಲ್ಲಿ ಕೊನೇ ತನಕ ಬೆನ್ನಟ್ಟೋದು ಕಷ್ಟ. ಶಾಂತವೇರಿ ಗೋಪಾಲಗೌಡರಂಥವರು ವಿರೋಧ ಪಕ್ಷದಲ್ಲಿ ಕೂತು ಕೇಳಿದ್ದಕ್ಕೆ ಇವತ್ತಿಗೂ ನಾವು ಅವರ ಹೆಸರು ಹೇಳ್ತೀವಿ.

ವಕೀಲೆ: ಕೆಂಗಲ್ ಅವರನ್ನೂ ಯಾರಾದ್ರೂ ಹಾಗೆ ಕೇಳಿದ್ರಾ?

ದೊಡ್ಡಪ್ಪ: ಕೇಳದೇ ಬಿಡ್ತಾರಾ? ವಿಧಾನಸೌಧವೇ ಸಾಕ್ಷಿ. 1951ರ ಜುಲೈ 13ಕ್ಕೆ ನೆಹರೂ ಅಡಿಗಲ್ಲು ಹಾಕಿದಾಗ ಮುಖ್ಯಮಂತ್ರಿ ಕೆ.ಸಿ. ರೆಡ್ಡಿ. ಕೆಂಗಲ್ ಬಂದು ಕಟ್ಟಡದ ರೂಪ, ಗಾತ್ರ ಎಲ್ಲಾ ಬದಲಾಯಿಸಿದರು. ಮುಗಿಯೋ ಹೊತ್ತಿಗೆ ಖರ್ಚು 1.8 ಕೋಟಿಯ ಆಸುಪಾಸಿಗೆ ಮುಟ್ಟಿತ್ತು, ಆಗಿನ ಕಾಲಕ್ಕೆ ದೊಡ್ಡ ದುಡ್ಡು. ಆ ವೆಚ್ಚದ ಬಗ್ಗೆ ಒಳಗೂ ಹೊರಗೂ ಅವರು ಟೀಕೆ ಎದುರಿಸಬೇಕಾಯ್ತು. 1956ರಲ್ಲಿ ಸ್ವಂತ ಪಕ್ಷದೊಳಗಿನ ಬೆಂಬಲ ಕಳಕೊಂಡು ರಾಜೀನಾಮೆ ಕೊಟ್ಟರು. ನನಗೆ ಆ ಕಟ್ಟಡದ ಮೇಲೆ ತುಂಬ ಪ್ರೀತಿ, ನನ್ನ ಆಯಸ್ಸು ಅಲ್ಲೇ ಕಳೆದಿದ್ದು. ಆದರೂ ಆ ಖರ್ಚನ್ನ ಕೇಳಿದವರು ಸರಿಯಾದ ಕೆಲಸವನ್ನೇ ಮಾಡಿದರು ಅಂತೀನಿ. ಕಟ್ಟಡ ಚೆನ್ನಾಗಿ ಬಂತು ಅನ್ನೋದು ಲೆಕ್ಕ ಕೇಳಬಾರದು ಅನ್ನೋಕೆ ಕಾರಣ ಆಗಲ್ಲ. ಮುಂದೆ ಅದೇ ಕೆಂಗಲ್, 1967ರಿಂದ ಕೇಂದ್ರದ ಆಡಳಿತ ಸುಧಾರಣಾ ಆಯೋಗದ ಅಧ್ಯಕ್ಷರಾಗಿ, ಸರ್ಕಾರ ಹೇಗೆ ಲೆಕ್ಕ ಇಡಬೇಕು, ಹೇಗೆ ಜವಾಬು ಕೊಡಬೇಕು ಅಂತ ದೇಶಕ್ಕೇ ಬರೆದುಕೊಟ್ಟರು.

ವಕೀಲೆ: ಅದಕ್ಕೂ ಮೊದಲು, ಮಹಾರಾಜರ ಕಾಲದಲ್ಲಿ?

ದೊಡ್ಡಪ್ಪ: 1881ರಲ್ಲಿ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಶುರು ಮಾಡಿದರು. ದಸರಾ ಹೊತ್ತಿಗೆ ಮೈಸೂರಿನಲ್ಲಿ ಸೇರೋದು, ತಾಲೂಕುಗಳಿಂದ ಹೋದವರು ತಮ್ಮ ಕಡೆಯ ಕೆರೆ, ರಸ್ತೆ, ಕಂದಾಯದ ಅಹವಾಲು ಹೇಳಿಕೊಳ್ಳೋದು. ಆಗ ಕನಕಪುರಕ್ಕೆ ಕಾನಕಾನಹಳ್ಳಿ ಅಂತ ಹೆಸರು, ರಾಮನಗರ ಕ್ಲೋಸ್‌ಪೇಟೆ. ಅಹವಾಲು ಹೇಳಬಹುದಿತ್ತು ಅಷ್ಟೇ, ದುಡ್ಡಿನ ಮೇಲೆ ಕೈ ಇರಲಿಲ್ಲ. 1907ರಲ್ಲಿ ನ್ಯಾಯವಿಧಾಯಕ ಸಭೆ ಬಂತು. ಬೇಡಿಕೆಗಳ ಮೇಲೆ ಮತ ಹಾಕೋ ಅಧಿಕಾರ ಆ ಸಭೆಗೆ ಸಿಕ್ಕಿದ್ದು 1923ರ ಸುಧಾರಣೆಯಲ್ಲಿ. ಅಹವಾಲಿನಿಂದ ಪ್ರಶ್ನೆಗೆ ಬರೋದಕ್ಕೆ ಎಷ್ಟು ವರ್ಷ ಹಿಡಿಯಿತು ನೋಡು. ನಿನ್ನ ಕೈಲಿರೋ ಕಾಗದ ಇನ್ನೂ ಅಹವಾಲೇ.

ವಕೀಲೆ: ಸರಿ, ನಾನು ಒಂದು ಕೇಳ್ತೀನಿ. 2024ರ ಫೆಬ್ರುವರಿಯಲ್ಲಿ ರಾಮನಗರದ 40 ವಕೀಲರ ಮೇಲೆ ಐಜೂರು ಠಾಣೆಯಲ್ಲಿ ಪ್ರಕರಣ ದಾಖಲಾಯ್ತಲ್ಲ. ನಾವು ಜಿಲ್ಲಾಧಿಕಾರಿ ಕಚೇರಿ ಮುಂದೆ ಧರಣಿ ಕೂತ್ವಿ. ಬೇರೆ ಜಿಲ್ಲೆಯ ವಕೀಲರೂ ಬಂದರು. ವಿಷಯ ವಿಧಾನಸಭೆಗೆ ಹೋಯ್ತು, ವಿರೋಧ ಪಕ್ಷದವರು ಎತ್ತಿದರು, ಆ ಠಾಣೆಯ ಸಬ್‌ಇನ್‌ಸ್ಪೆಕ್ಟರ್ ಅಮಾನತಾದರು. ಅಲ್ಲಿ ಯಾವ ಅ, ಆ, ಇ, ಈ ಇತ್ತು? ಧರಣಿ ಕೂತಿದ್ದಕ್ಕೆ ಆಯ್ತು.

ದೊಡ್ಡಪ್ಪ: ಧರಣಿ ಇಲ್ಲದೆ ಆಗ್ತಿರಲಿಲ್ಲ, ಒಪ್ಪಿದೆ. ತುರ್ತು ವಿಷಯಕ್ಕೆ ಸದನದಲ್ಲಿ ಬೇರೆ ದಾರಿ ಇದೆ. ಪ್ರಶ್ನೆಗೆ ಬಹಳ ದಿನ ಮೊದಲೇ ಸೂಚನೆ ಕೊಡಬೇಕು, ಆಮೇಲೆ ಸರದಿ ಎತ್ತಬೇಕು. ನಿನ್ನೆ ನಡೆದದ್ದನ್ನ ಇವತ್ತು ಕೇಳೋದಕ್ಕೆ ಶೂನ್ಯವೇಳೆ, ನಿಯಮ 60ರ ನಿಲುವಳಿ, ನಿಯಮ 73ರ ಗಮನ ಸೆಳೆಯುವ ಸೂಚನೆ. ನಿಲುವಳಿ ಕೊಟ್ಟರೆ ಸಭಾಧ್ಯಕ್ಷರು ಅದನ್ನ ನಿಯಮ 69ಕ್ಕೆ ಬದಲಾಯಿಸಿ ಚರ್ಚೆಗೆ ತಗೊಳ್ಳೋದು ಪದ್ಧತಿ. ಆದರೆ ನೀನು ಇದನ್ನ ಯೋಚಿಸು. ಅಮಾನತು ಅನ್ನೋದು ಆ ದಿನದ ಬಿಸಿ ಆರಿಸೋ ಆದೇಶ. ಆಮೇಲೆ ಇಲಾಖಾ ವಿಚಾರಣೆ ನಡೀತಾ, ಏನು ವರದಿ ಬಂತು, ಯಾರದ್ದು ತಪ್ಪು ಅಂತ ತೀರ್ಮಾನ ಆಯ್ತು? ಆ 40 ಜನರ ಪ್ರಕರಣ ಯಾವ ಹಂತಕ್ಕೆ ಬಂತು? ಇವನ್ನ ಮೂರು ತಿಂಗಳು ಬಿಟ್ಟು ಕೇಳೋದಕ್ಕೆ ಧರಣಿ ಬೇಡ, ಒಂದು ಚುಕ್ಕೆ ಗುರುತಿನ ಪ್ರಶ್ನೆ ಸಾಕು. ಪ್ರತಿಭಟನೆ ಬಾಗಿಲು ತೆಗೆಸುತ್ತೆ, ಒಳಗಿನ ಕಡತ ತೆಗೆಸೋದು ಪ್ರಶ್ನೆ. ನಿಮ್ಮ ವಕೀಲರ ಸಂಘದವರು ಆ ಪ್ರಶ್ನೆ ಬರೆದು ಯಾರಿಗಾದ್ರೂ ಕೊಟ್ಟಿರಾ?

ವಕೀಲೆ: ನನಗೆ ಗೊತ್ತಿದ್ದ ಹಾಗೆ ಇಲ್ಲ.

ದೊಡ್ಡಪ್ಪ: ನ್ಯಾಯದ ವಿಷಯದಲ್ಲಿ ನಮ್ಮ ಕನಕಪುರಕ್ಕೆ ಇನ್ನೊಂದು ನಂಟಿದೆ. ಕರ್ನಾಟಕ ಲೋಕಾಯುಕ್ತ ಕಾಯ್ದೆ 1984ರದ್ದು. ಅದನ್ನ ತಂದ ಹೆಗಡೆಯವರು ಆಗ ಕನಕಪುರದ ಶಾಸಕರು. ಲೋಕಾಯುಕ್ತರು ಕೊಟ್ಟ ವರದಿಯ ಮೇಲೆ ಏನು ಮಾಡಿದಿರಿ ಅಂತ ಸರ್ಕಾರ ಮೂರು ತಿಂಗಳೊಳಗೆ ಹೇಳಬೇಕು. ತೃಪ್ತಿಯಾಗದಿದ್ರೆ ಲೋಕಾಯುಕ್ತರು ರಾಜ್ಯಪಾಲರಿಗೆ ವಿಶೇಷ ವರದಿ ಕೊಡಬಹುದು, ಅದು ಸದನದ ಮುಂದೆ ಬರಬೇಕು. ಅಂದ್ರೆ ಆ ಸರಪಳಿಯ ಕೊನೇ ಕೊಂಡಿ ಶಾಸಕರೇ. 2016ರಲ್ಲಿ ಭ್ರಷ್ಟಾಚಾರ ನಿಗ್ರಹ ದಳ ಮಾಡಿ ಲೋಕಾಯುಕ್ತದ ಪೊಲೀಸ್ ಬಲ ಕಿತ್ತುಕೊಂಡಾಗ ಸದನದಲ್ಲಿ ಮಾತೇನೋ ಬಂತು. ಕೊನೆಗೆ ಆ ದಳವನ್ನ ರದ್ದು ಮಾಡಿದ್ದು 2022ರ ಆಗಸ್ಟ್‌ನಲ್ಲಿ ಹೈಕೋರ್ಟು. ಶಾಸಕಾಂಗ ಮಾಡಬೇಕಿದ್ದ ಕೆಲಸ ನ್ಯಾಯಾಲಯದ ಪಾಲಿಗೆ ಹೋಯ್ತು. ಅದು ನನಗೆ ನೋವಿನ ವಿಷಯ.

ವಕೀಲೆ: ದುಡ್ಡಿನ ವಿಷಯಕ್ಕೆ ಬನ್ನಿ. ನನ್ನ ಪ್ರಶ್ನೆಯಲ್ಲಿ ಅನುದಾನದ ಮಾತೂ ಸೇರಿಸಬೇಕು ಅಂತಿದ್ದೀನಿ.

ದೊಡ್ಡಪ್ಪ: ದುಡ್ಡು ಕೇಳುವಾಗ ಮೂರು ಕಾಲಂ ಕೇಳಬೇಕು: ನಿಗದಿ, ಬಿಡುಗಡೆ, ವೆಚ್ಚ. ಬಜೆಟ್‌ನಲ್ಲಿ ಇಟ್ಟಿದ್ದು ನಿಗದಿ. ಆರ್ಥಿಕ ಇಲಾಖೆ ಕೊಟ್ಟಿದ್ದು ಬಿಡುಗಡೆ. ನಿಜವಾಗಿ ಹೋಗಿದ್ದು ವೆಚ್ಚ. ಪೇಪರಿನಲ್ಲಿ ದಪ್ಪಕ್ಷರದಲ್ಲಿ ಬರೋದು ಮೊದಲನೇದು ಮಾತ್ರ. ಮೇಕೆದಾಟು ತಗೋ. ನಮ್ಮ ಕನಕಪುರ ತಾಲೂಕಿನ ಯೋಜನೆ, ಅಂದಾಜು 9,000 ಕೋಟಿ, 67.16 ಟಿಎಂಸಿ ಸಂಗ್ರಹ. 2022ರ ಜನವರಿಯಲ್ಲಿ ಪಾದಯಾತ್ರೆ ಆಯ್ತು, ಮಾರ್ಚ್ ಬಜೆಟ್‌ನಲ್ಲಿ ಬೊಮ್ಮಾಯಿ ಸರ್ಕಾರ 1,000 ಕೋಟಿ ಇಟ್ಟಿತು. ಜನ ಚಪ್ಪಾಳೆ ತಟ್ಟಿದರು. ಕೇಂದ್ರದ ಒಪ್ಪಿಗೆ ಸಿಗದೆ ಕಟ್ಟೋ ಹಾಗಿಲ್ಲ, ಅಂದಮೇಲೆ ಆ ವರ್ಷದ ಕೊನೆಗೆ ಆ 1,000 ಕೋಟಿಯ ಎದುರು ಬಿಡುಗಡೆ ಎಷ್ಟು, ವೆಚ್ಚ ಎಷ್ಟು, ಉಳಿದದ್ದು ಯಾವ ಲೆಕ್ಕಕ್ಕೆ ವಾಪಸ್ ಹೋಯ್ತು ಅಂತ ಕೇಳೋದು ನಮ್ಮ ತಾಲೂಕಿನವರ ಕೆಲಸ ಆಗಬೇಕಿತ್ತು. ಯೋಜನೆ ಬೇಕು ಅನ್ನೋರೇ ಇದನ್ನ ಮೊದಲು ಕೇಳಬೇಕು.

ವಕೀಲೆ: ಮೆಡಿಕಲ್ ಕಾಲೇಜಿನ ಕಥೆಯೂ ಹಾಗೇ.

ದೊಡ್ಡಪ್ಪ: ಅದು ನನ್ನನ್ನ ತುಂಬ ಕಾಡಿದ ಕಥೆ. ಕನಕಪುರಕ್ಕೆ ಅಂತ ಆಗಿದ್ದ ಕಾಲೇಜನ್ನ 2019ರಲ್ಲಿ ಸರ್ಕಾರ ಬದಲಾದಮೇಲೆ ಚಿಕ್ಕಬಳ್ಳಾಪುರಕ್ಕೆ ಒಯ್ದರು. ಇಲ್ಲಿ ಕೂಗೆದ್ದಿತು. 2023ರಲ್ಲಿ ಮತ್ತೆ ಸರ್ಕಾರ ಬದಲಾಯ್ತು, ರಾಮನಗರದ ಕಾಲೇಜು ಕನಕಪುರಕ್ಕೆ ಹೋಗುತ್ತೆ ಅಂತ ಸುದ್ದಿಯಾಗಿ ಸೆಪ್ಟೆಂಬರ್ 8ಕ್ಕೆ ರಾಮನಗರ ಬಂದ್. ಅಣ್ಣತಮ್ಮಂದಿರಂಥ ಎರಡು ಊರು ಎದುರುಬದುರು ನಿಂತವು. ಅಷ್ಟೂ ಕಾಲ ನಾವು ಕೇಳಿದ್ದು ಒಂದೇ, "ಯಾವ ಊರಿಗೆ?" ಆಡಳಿತಾತ್ಮಕ ಅನುಮೋದನೆ ಆದೇಶದ ದಿನಾಂಕ ಯಾವುದು, ಜಾಗ ಯಾವ ಸರ್ವೆ ನಂಬರಿನಲ್ಲಿ ಇಲಾಖೆಯ ಹೆಸರಿಗೆ ಬಂದಿದೆ, ಟೆಂಡರ್ ಆಗಿದೆಯಾ, ಈವರೆಗೆ ಎಷ್ಟು ಹಣ ಹೋಗಿದೆ, ಎಷ್ಟು ಹಾಸಿಗೆಯ ಆಸ್ಪತ್ರೆ ಯಾವ ತಿಂಗಳಿಗೆ ಸಿದ್ಧ? ಇದನ್ನ ಕೇಳಿದ್ದಿದ್ರೆ ಎರಡೂ ಊರಿನವರಿಗೆ ಒಂದೇ ಉತ್ತರ ಸಿಕ್ಕಿ, ಜಗಳಕ್ಕೆ ಅರ್ಧ ಬಲ ಇರ್ತಿರಲಿಲ್ಲ.

ವಕೀಲೆ: ಮಾಗಡಿಗೆ ಹೇಮಾವತಿ ನೀರು ತರೋ ಲಿಂಕ್ ಕಾಲುವೆ ಬಗ್ಗೆ ಜೋರಾಗಿ ಕೇಳಿದವರು ತುಮಕೂರಿನ ಶಾಸಕರು. ಅವರು ಕೇಳಿದ್ದು ವಿರೋಧಿಸೋದಕ್ಕೆ.

ದೊಡ್ಡಪ್ಪ: ವಿರೋಧಿಸಿ ಕೇಳಿದರೂ ಉತ್ತರ ದಾಖಲೆಗೆ ಬರುತ್ತೆ, ಅದು ಮಾಗಡಿಯವರಿಗೂ ಉಪಯೋಗವೇ. ಕುಣಿಗಲ್, ಮಾಗಡಿಗೆ ಹಂಚಿಕೆಯಾದ ನೀರು ಎಷ್ಟು, ಅದರಲ್ಲಿ ಇಷ್ಟು ವರ್ಷ ನಿಜವಾಗಿ ತಲುಪಿದ್ದು ಎಷ್ಟು ಅನ್ನೋದು ಆ ಚರ್ಚೆಯ ಜೀವ. ನಮ್ಮನ್ನ ವಿರೋಧಿಸುವವರ ಪ್ರಶ್ನೆಯ ಉತ್ತರವನ್ನೂ ನಾವು ಓದಬೇಕು. ಇನ್ನೊಂದು ಕಡೆ ಕಣ್ಣಿಡಬೇಕು, ಟೆಂಡರ್ ಇಲ್ಲದೆ ಕೊಡೋ ಕಾಮಗಾರಿಗಳ ಮೇಲೆ. ಕೆಟಿಪಿಪಿ ಕಾಯ್ದೆ 1999ರ 4(ಜಿ) ಅಡಿ ವಿನಾಯಿತಿ ಅಂತಾರಲ್ಲ, ಅದು. "ನಮ್ಮ ತಾಲೂಕಿನಲ್ಲಿ ಈ ಮೂರು ವರ್ಷದಲ್ಲಿ 4(ಜಿ) ವಿನಾಯಿತಿ ಪಡೆದ ಕಾಮಗಾರಿ ಯಾವುವು, ಪ್ರತಿಯೊಂದರ ಮೊತ್ತ, ಗುತ್ತಿಗೆದಾರರು, ವಿನಾಯಿತಿಗೆ ಕೊಟ್ಟ ಕಾರಣ." ಈ ಪ್ರಶ್ನೆಗೆ "ಕ್ರಮ ಕೈಗೊಳ್ಳಲಾಗುವುದು" ಅಂತ ಉತ್ತರ ಬರೆಯೋಕೇ ಆಗಲ್ಲ. ಪಟ್ಟಿ ಕೊಡಲೇಬೇಕು.

ವಕೀಲೆ: ಒಂದು ಅಂಕಿಯನ್ನ ದಾಖಲೆಗೆ ತರಿಸೋದರಿಂದ ಅಷ್ಟು ವ್ಯತ್ಯಾಸ ಆಗುತ್ತಾ?

ದೊಡ್ಡಪ್ಪ: 2024ರಲ್ಲಿ ವಾಲ್ಮೀಕಿ ಅಭಿವೃದ್ಧಿ ನಿಗಮದ ಹಣ ನೆನಪಿಸಿಕೋ. ಅಕ್ರಮವಾಗಿ ಹೋಗಿದ್ದು 187 ಕೋಟಿ ಅಂತ ವಿರೋಧ ಪಕ್ಷ. ಆ ಖಾತೆ ನೋಡುತ್ತಿದ್ದ ಸಚಿವ ಬಿ. ನಾಗೇಂದ್ರ ಜೂನ್‌ನಲ್ಲೇ ರಾಜೀನಾಮೆ ಕೊಟ್ಟಿದ್ದರು. ಜುಲೈ ಅಧಿವೇಶನದಲ್ಲಿ ದಿನಗಟ್ಟಲೆ ಗದ್ದಲ, ಕೊನೆಗೆ ಮುಖ್ಯಮಂತ್ರಿ ಸಿದ್ದರಾಮಯ್ಯ ಉತ್ತರ ಕೊಡುವಾಗ, ಹೊರಗೆ ಹೋಗಿದ್ದು 89.63 ಕೋಟಿ ಅಂದರು. ಯಾವುದು ಸರಿ ಅನ್ನೋದು ತನಿಖೆಯವರ ಕೆಲಸ. ಆದರೆ ಪರಿಶಿಷ್ಟ ಪಂಗಡದವರಿಗೆ ಸೇರಿದ ಕೋಟಿಗಟ್ಟಲೆ ಹಣ ದಾರಿ ತಪ್ಪಿದ್ದನ್ನ ಸರ್ಕಾರವೇ ಸದನದಲ್ಲಿ ಅಂಕಿ ಸಮೇತ ಹೇಳಿದಂತಾಯ್ತು. ಆ ಅಂಕಿ ಇನ್ನು ಅಳಿಯಲ್ಲ. ಸಭಾಧ್ಯಕ್ಷರು ಕಡತದಿಂದ ತೆಗೆಯಿರಿ ಅಂತ ಹೇಳದ ಹೊರತು ನಾವು ಬರೆದುಕೊಂಡ ಪ್ರತಿ ಅಕ್ಷರವೂ ಉಳಿಯುತ್ತೆ.

ವಕೀಲೆ: ಆದರೆ ಸದನ ನಡೆಯೋದೇ ಕಮ್ಮಿ ಅಲ್ವಾ?

ದೊಡ್ಡಪ್ಪ: ಅದೇ ದೊಡ್ಡ ಕೊರತೆ. ವರ್ಷಕ್ಕೆ ಕನಿಷ್ಠ 60 ದಿನ ಸದನ ಸೇರಬೇಕು ಅಂತ 2005ರಲ್ಲಿ ಕರ್ನಾಟಕವೇ ಒಂದು ಕಾಯ್ದೆ ಮಾಡಿಕೊಂಡಿದೆ. ಯಾವ ಪಕ್ಷದ ಸರ್ಕಾರ ಬಂದರೂ ಅದನ್ನ ಪಾಲಿಸೋದರಲ್ಲಿ ಸೋತಿದ್ದಾರೆ. ಗದ್ದಲದಲ್ಲಿ ಪ್ರಶ್ನೋತ್ತರವೇ ಕೊಚ್ಚಿಹೋಗೋ ದಿನಗಳೂ ಉಂಟು. 2025ರ ಮಾರ್ಚ್‌ನಲ್ಲಿ 18 ಜನ ವಿರೋಧ ಪಕ್ಷದ ಶಾಸಕರನ್ನ ಆರು ತಿಂಗಳು ಅಮಾನತು ಮಾಡಿದರು, ಮೇ ತಿಂಗಳಲ್ಲಿ ವಾಪಸ್ ತಗೊಂಡರು. ಪೀಠದ ಮರ್ಯಾದೆ ಕಾಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ 18 ಕ್ಷೇತ್ರದ ಪ್ರಶ್ನೆಗಳನ್ನ ಆರು ತಿಂಗಳು ಮುಚ್ಚಿಡೋ ಶಿಕ್ಷೆ ಬೀಳೋದು ಮತದಾರರಿಗೆ. ಇನ್ನು ಬಜೆಟ್, 2025-26ರದ್ದು 4.09 ಲಕ್ಷ ಕೋಟಿ. ಚರ್ಚೆಗೆ ಬಾರದ ಇಲಾಖೆಗಳ ಬೇಡಿಕೆಗಳನ್ನ ಕೊನೆಗೆ ಒಟ್ಟಿಗೆ ಮತಕ್ಕೆ ಹಾಕಿ ಮುಗಿಸ್ತಾರೆ. ಸಿಎಜಿ ವರದಿ ಎಷ್ಟೋ ಸಲ ಅಧಿವೇಶನದ ಕೊನೇ ದಿನಗಳಲ್ಲಿ ಮಂಡನೆಯಾಗುತ್ತೆ, ಆಮೇಲೆ ಲೆಕ್ಕಪತ್ರ ಸಮಿತಿಯ ಕೆಲಸ ಬಾಗಿಲು ಹಾಕಿಕೊಂಡ ಕೋಣೆಯಲ್ಲಿ. ಅಲ್ಲಿ ಒಳ್ಳೇ ಕೆಲಸ ನಡೆದರೂ ಊರಿಗೆ ಗೊತ್ತಾಗಲ್ಲ.

ವಕೀಲೆ: ಈಗ ನನ್ನ ಪ್ರಶ್ನೆ ತಿದ್ದಿಕೊಡಿ. ಕೋರ್ಟಿನಲ್ಲಿ ಕೇಸು ಯಾಕೆ ಇಷ್ಟು ತಡ ಅಂತ ಸಚಿವರನ್ನ ಕೇಳಬಾರದಾ?

ದೊಡ್ಡಪ್ಪ: ನ್ಯಾಯಾಧೀಶರು ಯಾಕೆ ತೀರ್ಪು ಕೊಟ್ಟಿಲ್ಲ ಅಂತ ಕೇಳೋ ಹಾಗಿಲ್ಲ. ವಿಚಾರಣೆಯಲ್ಲಿರೋ ಮೊಕದ್ದಮೆಯೂ ಸದನಕ್ಕೆ ಬರಬಾರದು. ಹೈಕೋರ್ಟ್, ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳ ನಡತೆಯನ್ನ ಶಾಸಕಾಂಗ ಚರ್ಚಿಸಬಾರದು ಅಂತ ಸಂವಿಧಾನದ 211ನೇ ಅನುಚ್ಛೇದವೇ ಹೇಳುತ್ತೆ. ಹೈಕೋರ್ಟ್ ನ್ಯಾಯಮೂರ್ತಿಗಳ ಸಂಬಳ ಮತಕ್ಕೂ ಹಾಕೋದಲ್ಲ. ಇವೆಲ್ಲ ಇರಬೇಕಾದ ಬೇಲಿಗಳೇ. ಆದರೆ ಬೇಲಿಯ ಈಚೆ ಎಷ್ಟು ಜಾಗ ಇದೆ ನೋಡು. ತಾಲೂಕು ಕೋರ್ಟಿನ ಕಟ್ಟಡ, ಬೆರಳಚ್ಚುಗಾರರ ಹುದ್ದೆ, ಅಭಿಯೋಜಕರು, ಪೊಲೀಸರು ಜಾರಿ ಮಾಡದ ಸಮನ್ಸು, ಪ್ರಯೋಗಾಲಯದ ವರದಿ, ಇವೆಲ್ಲ ಸರ್ಕಾರದ ದುಡ್ಡಿನಲ್ಲೇ ನಡೆಯೋದು. ನಿನ್ನ ಕಕ್ಷಿದಾರರ ಕೇಸು ನಿಂತಿರೋದು ಎಲ್ಲಿ, ನಿಜವಾಗಿ ಹೇಳು.

ವಕೀಲೆ: ಒಬ್ಬರದ್ದು ವಿಧಿವಿಜ್ಞಾನ ಪ್ರಯೋಗಾಲಯದ (ಎಫ್‌ಎಸ್‌ಎಲ್) ವರದಿ ಬಂದಿಲ್ಲ ಅಂತ ವಾಯಿದೆ ಮೇಲೆ ವಾಯಿದೆ. ಇನ್ನೊಬ್ಬರದ್ದು ಸರ್ಕಾರಿ ಅಭಿಯೋಜಕರು ಎರಡು ಕೋರ್ಟು ನೋಡಿಕೊಳ್ಳಬೇಕು, ಒಂದೇ ದಿನ ಎರಡೂ ಕಡೆ ಸಾಕ್ಷಿ. ಸಾಕ್ಷಿಗಳು ಕೂಲಿ ಬಿಟ್ಟು ಬಂದು, ಸಂಜೆ ತನಕ ಬೇವಿನ ಮರದ ಕೆಳಗೆ ಕೂತು ವಾಪಸ್ ಹೋದರು. ಮುಂದಿನ ಸಲ ಬರ್ತಾರೋ ಇಲ್ಲವೋ.

ದೊಡ್ಡಪ್ಪ: ಇದೇ ಪ್ರಶ್ನೆ! ಇದನ್ನ ಬಿಟ್ಟು ಮರೀಚಿಕೆ ಅಂತ ಬರೆದಿದ್ದೀಯಲ್ಲ. ಪೆನ್ನು ತಗೋ. ಮೊದಲು ತಿಳಕೋ, ಇವೆರಡೂ ಕಾನೂನು ಸಚಿವರದ್ದಲ್ಲ. ಅಭಿಯೋಜನೆ, ಪ್ರಯೋಗಾಲಯ ಎರಡೂ ಗೃಹ ಇಲಾಖೆಯ ಅಡಿ. ಕಾನೂನು ಸಚಿವರಿಗೆ ಹಾಕಿದ್ರೆ ಪ್ರಶ್ನೆ ವರ್ಗಾವಣೆ ಆಗ್ತಾ ಆಗ್ತಾ ಅಧಿವೇಶನ ಮುಗಿಯುತ್ತೆ. ಎರಡು ಪ್ರಶ್ನೆ ಮಾಡು. ಗೃಹ ಸಚಿವರಿಗೆ ಒಂದು, ಕಾನೂನು ಸಚಿವರಿಗೆ ಒಂದು.

ವಕೀಲೆ: ಹೇಳಿ.

ದೊಡ್ಡಪ್ಪ: ಗೃಹ ಸಚಿವರಿಗೆ. "(ಅ) ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿಯ ನ್ಯಾಯಾಲಯಗಳಿಗೆ ಮಂಜೂರಾಗಿರುವ ಸಹಾಯಕ ಸರ್ಕಾರಿ ಅಭಿಯೋಜಕರ ಹುದ್ದೆಗಳೆಷ್ಟು, ಪ್ರತಿ ಖಾಲಿ ಹುದ್ದೆಯು ಯಾವ ದಿನಾಂಕದಿಂದ ಖಾಲಿ ಇದೆ? (ಆ) ಈ ಜಿಲ್ಲೆಯ ಪೊಲೀಸ್ ಠಾಣೆಗಳಿಂದ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳುಹಿಸಿ ಆರು ತಿಂಗಳು ಮೀರಿದರೂ ವರದಿ ಬಾರದ ಪ್ರಕರಣಗಳೆಷ್ಟು? ಠಾಣಾವಾರು ವಿವರ ನೀಡುವುದು. (ಇ) ಕಳೆದ ಮೂರು ಆರ್ಥಿಕ ವರ್ಷಗಳಲ್ಲಿ ಪ್ರಯೋಗಾಲಯಕ್ಕೆ ನಿಗದಿಯಾದ, ಬಿಡುಗಡೆಯಾದ ಮತ್ತು ವೆಚ್ಚವಾದ ಮೊತ್ತವೆಷ್ಟು? (ಈ) ಖಾಲಿ ಹುದ್ದೆಗಳನ್ನು ಯಾವ ದಿನಾಂಕದೊಳಗೆ ಭರ್ತಿ ಮಾಡಲಾಗುವುದು?"

ವಕೀಲೆ: ಜಿಲ್ಲೆಯ ಹೆಸರು ಏನಂತ ಬರೀಲಿ? 2025ರ ಮೇ ತಿಂಗಳಿಂದ ಬೆಂಗಳೂರು ದಕ್ಷಿಣ ಅಂತ ಆಗಿದೆ.

ದೊಡ್ಡಪ್ಪ: ಎರಡೂ ಬರಿ, ಹಿಂದಿನ ರಾಮನಗರ ಅಂತ. ಮೂರು ವರ್ಷದ ಲೆಕ್ಕ ಕೇಳ್ತಿದ್ದೀವಿ, ಹಳೇ ಹೆಸರಿನ ವರ್ಷಗಳು ಬಿಟ್ಟುಹೋಗಬಾರದು. ಇನ್ನು ಕಾನೂನು ಸಚಿವರದ್ದು. ನ್ಯಾಯಾಡಳಿತಕ್ಕೆ ಲೆಕ್ಕ ಶೀರ್ಷಿಕೆ 2014. ಅದರ ಅಡಿ ನಮ್ಮ ನಾಲ್ಕು ಊರಿನ ಕೋರ್ಟುಗಳ ಸಿಬ್ಬಂದಿ ಮಂಜೂರು ಎಷ್ಟು, ಖಾಲಿ ಎಷ್ಟು. ಕಟ್ಟಡಕ್ಕೆ ಕೇಂದ್ರದ ಯೋಜನೆಯಲ್ಲಿ ಕೇಂದ್ರದ್ದು 60, ರಾಜ್ಯದ್ದು 40 ಪಾಲು. ಯಾರ ಪಾಲು ಎಷ್ಟು ಬಂತು, ಕಾಮಗಾರಿ ಯಾವ ಹಂತದಲ್ಲಿದೆ. ಜೊತೆಗೆ ಸಾಕ್ಷಿಗಳು ಕೂರೋ ಜಾಗ, ಹೆಂಗಸರ ಶೌಚಾಲಯ ಯಾವ ಕೋರ್ಟಿನಲ್ಲಿ ಇದೆ, ಯಾವುದರಲ್ಲಿ ಇಲ್ಲ. ಇದನ್ನ ಚಿಲ್ಲರೆ ಪ್ರಶ್ನೆ ಅಂತ ಯಾರೂ ಅಂದುಕೊಳ್ಳಬಾರದು. ಸಾಕ್ಷಿ ವಾಪಸ್ ಬರೋದು ಬಿಡೋದು ಇಂಥದ್ದರ ಮೇಲೇ ನಿಂತಿದೆ.

ವಕೀಲೆ: ಇಷ್ಟೆಲ್ಲ ಬರೆದರೂ ಚುಕ್ಕೆ ಗುರುತು ಸಿಗದೇ ಹೋದ್ರೆ?

ದೊಡ್ಡಪ್ಪ: ಲಿಖಿತ ಉತ್ತರ ಬರುತ್ತೆ. ಅದನ್ನ ಓದು. ಸದಸ್ಯರಿಗೂ ಓದೋಕೆ ಹೇಳು, ಯಾವ ಸಾಲು ಸಡಿಲ ಅಂತ ಗುರುತು ಮಾಡಿಕೊಡು. "ಭರ್ತಿ ಪ್ರಕ್ರಿಯೆ ಚಾಲನೆಯಲ್ಲಿದೆ" ಅಂತಿದ್ರೆ ಮುಂದಿನ ಅಧಿವೇಶನದಲ್ಲಿ ಹಳೇ ಪ್ರಶ್ನೆಯ ಸಂಖ್ಯೆ, ದಿನಾಂಕ ಹಾಕಿ ಮತ್ತೆ ಕೇಳಿಸು. ಸಚಿವರು ಸದನದಲ್ಲಿ ಮಾಡ್ತೀವಿ ಅಂತ ಒಪ್ಪಿದ್ದರೆ ಅದು ಭರವಸೆ, ಸರ್ಕಾರಿ ಭರವಸೆಗಳ ಸಮಿತಿಗೆ ಬರೀಬಹುದು. ಎರಡು ಮೂರು ಅಧಿವೇಶನ ಬಿಡದೆ ಒಂದೇ ವಿಷಯ ಕೇಳಿದ್ರೆ ಇಲಾಖೆಯಲ್ಲಿ ಆ ಕಡತಕ್ಕೆ ಒಬ್ಬರು ಅಧಿಕಾರಿ ಗೊತ್ತಾಗ್ತಾರೆ. ಅಲ್ಲಿಂದ ಕೆಲಸ ಕದಲುತ್ತೆ. ನಾನು ಕಣ್ಣಾರೆ ಕಂಡಿದ್ದು.

ವಕೀಲೆ: ಪರಿಷತ್ ಸದಸ್ಯರಿಗೆ ಒಂದು ಪ್ರತಿ. ನಾಲ್ಕು ಕ್ಷೇತ್ರದ ಶಾಸಕರಿಗೂ ಕೊಡಲಾ?

ದೊಡ್ಡಪ್ಪ: ಸಚಿವರಲ್ಲದ ಮೂವರಿಗೂ ಕೊಡು, ಕೈಗೇ ಕೊಡು, ಸ್ವೀಕೃತಿ ತಗೋ. ಅವರೇ ಕೇಳಿದ್ರೆ ಅದಕ್ಕಿಂತ ಒಳ್ಳೇದಿಲ್ಲ. ಕನಕಪುರದ್ದನ್ನ ಪತ್ರವಾಗಿ ಮಾಡಿ ಕೊಡು. ಆದರೆ ಅದಕ್ಕೂ ಮೊದಲು ಖಾಲಿ ಹುದ್ದೆಯ ತಾರೀಕುಗಳನ್ನ ನೀವೇ ಪಟ್ಟಿ ಮಾಡಿಟ್ಟುಕೊಳ್ಳಿ. ಉತ್ತರ ಬಂದಾಗ ತಾಳೆ ಹಾಕೋಕೆ ಬೇಕು.

ವಕೀಲೆ: ಮಾಗಡಿ, ಚನ್ನಪಟ್ಟಣದ ವಕೀಲರ ಸಂಘಕ್ಕೆ ನಾಳೆಯೇ ಫೋನ್ ಮಾಡ್ತೀನಿ. ಕನಕಪುರದ್ದು ನೀವೇ ವಿಚಾರಿಸಿ. ಸೋಮವಾರ ಕೋರ್ಟಿಗೆ ಬನ್ನಿ ದೊಡ್ಡಪ್ಪ, ಅಲ್ಲೇ ಕೂತು ಎರಡನೇ ಪ್ರಶ್ನೆ ಟೈಪ್ ಮಾಡಿಸೋಣ.